ಕೌದಿಯ ಉಡಿ

ಗಂಜ್ ಪೇಠ್ಯಾಗ, ಬ್ಯಾಂಡಿನವರ ಓಣಿಗೆ ಹೊಂದಿ
ಢಮಢೇರೆ ತಾಯಿ ಅಂಗಡಿ. ಬೋರ್ಡಿನ ಮ್ಯಾಲ
ಮರಾಠಿ ಅಕ್ಷರ: ಗೋಧಡಿ ಶಿವೂನ್ ಮಿಳೇಲ್.
ಒಳಗ ನಾವು, ಕೌದಿ ಅನ್ನವರು.
ಎರಡೂ ಹೆಸರಿಗೆ ಸೂಜಿ ಒಂದ.
ಮುರಿದರ ಎರಡು ರೂಪಾಯಿ, ಪಗಾರದಾಗ ಹಿಡಿತಾಳ.

ಮುಂಜಾನೆ ಟೇಲರ್‌ಗಳ ಕಡಿಂದ ಚಿಂದಿ ಬರತೈತಿ ಕಿಲೋದ ಲೆಕ್ಕಕ್ಕ:
ಸಾಲಿ ಹುಡುಗರ ನೀಲಿ, ಲಗ್ನದ ಬ್ಲೌಜಿನ ಜರಿ,
ಬ್ಯಾಂಡಿನವರ ಹಳೇ ಕೆಂಪು ಕೋಟು,
ಭುಜದ ಮ್ಯಾಲಿನ ಬಂಗಾರದ ದಾರ ಉದರಿದ್ದು.
ಮಹಬೂಬಿ ಒಂದೊಂದ ಮೂಸಿ ನೋಡತಾಳ.
ಬೆವರು ಹೋಗದ ಅರಿವಿ ದಾರ ಹಿಡಿಯೂದಿಲ್ಲ ಅಂತಾಳ.
ಖರೇನೋ ಸುಳ್ಳೋ, ಇಪ್ಪತ್ತು ವರ್ಷ ಯಾರೂ ಕೇಳಿಲ್ಲ.

ನಾಕು ಮೂಲಿಗೆ ನಾಕು ಮಂದಿ ಕೂಡತೀವಿ:
ಮಹಬೂಬಿ, ಸುಲೋಚನಾ ಖವಳೆ, ಇಂಡಿ ಕಡಿ ಸಾಬವ್ವ, ನಾನು.
ಅಂಚಿನಿಂದ ನಡುವಿಗೆ ಟಾಕಾ ಹಾಕ್ಕೋತ ಬರಬೇಕು,
ಸಂತಿಯಿಂದ ಮನಿಗೆ ಬಂದಂಗ.
ಸುಲೋಚನಾಂದು ಅಕ್ಕಿಕಾಳು.
ಸಾಬವ್ವಂದು ಅವಸರದ್ದು, ಬಸ್ಸು ಹಿಡಿಯಾಕ ಓಡಿದಂಗ.
ನನ್ನದು ಅಲ್ಲಲ್ಲೆ ಸೊಟ್ಟ,
ಗಂಡನ ಮಾತು ಬಂದಲ್ಲೆ.
ಹೆಸರು ಹಾಕೂದಿಲ್ಲ ನಾವು. ಹಾಕಬೇಕಂತಿಲ್ಲ.

ಶ್ರಾವಣದಾಗ ಬಂದಳು ಕ್ಯಾಂಪಿನ ಖೋರ್ಷೆದ್ ಬಾಯಿ,
ರಿಕ್ಷಾದಾಗ ಒಂದು ಸೂಟ್‌ಕೇಸು.
ತೆರೆದರ ನಲವತ್ತೊಂದು ಟೈ.
ಮನಿಯವರು ಬ್ಯಾಂಕಿನ್ಯಾಗ ಇದ್ದರು ಅಂದಳು.
ಇದ್ದರು ಅಂದಷ್ಟಕ್ಕ ನಮಗ ತಿಳೀತು.

ಟೈ ಅಂದರ ಓರೆ ಕತ್ತರಿಸಿದ ಅರಿವಿ.
ಎಳೆದಲ್ಲಿ ಹೋಗತೈತಿ, ಬಿಟ್ಟಲ್ಲಿ ನಿಲ್ಲೂದಿಲ್ಲ.
ಜನ್ಮೆಲ್ಲಾ ಒಬ್ಬರ ಕೊರಳಾಗ ನೆಟ್ಟಗ ನಿಂತದ್ದು
ನಮ್ಮ ಕೈಯಾಗ ಹಾವಿನ ಮರಿ ಆತು.
ಹೊಲಿದೆವು, ಬಿಚ್ಚಿದೆವು. ಅಡಿಗೆ ಹಳೇ ಧೋತರ ಹಾಕಿ ಮತ್ತ ಹೊಲಿದೆವು.
ಇಪ್ಪತ್ತೆರಡು ದಿನ.
ಸಾಬವ್ವನ ಬೆರಳ ತುದಿ ಜರಡಿ ಆತು.

"ಥಂಡಿಗೆ ಚಲೋ ಆತು ಬಿಡ್ರಿ ನಿಮಗ" ಅಂದೆ.
"ನನಗಲ್ಲ," ಅಂದಳು ಆಕಿ,
"ಬಟರ್‌ಗೆ. ಹದಿಮೂರು ವರ್ಷದ ನಾಯಿ.
ಅವರ ಕಾಲ ಮ್ಯಾಲ ಮಲಗತಿತ್ತು.
ಈಗ ಬಾಗಿಲಕ್ಕ ಹತ್ತಿ, ಬರೇ ಫರಸಿ ಮ್ಯಾಲ."

ನಾಯಿಗೆ!
ಸಾಬವ್ವ ಸೂಜಿ ಕುಪ್ಪಸಕ್ಕ ಚುಚ್ಚಿ ಎದ್ದಳು.
ಆಕಿ ಮೊಮ್ಮಗ ಬಿಲ್ಡಿಂಗ್ ಸೈಟಿನ್ಯಾಗ
ಸಿಮೆಂಟಿನ ಖಾಲಿ ಚೀಲದ ಮ್ಯಾಲ ಮಲಗತಾನ.
ಅದನ್ನ ಬಾಯಿ ಬಿಟ್ಟು ಅನ್ನಲಿಲ್ಲ. ಚಾ ತರತೀನಿ ಅಂದಳು,
ಅರ್ಧ ತಾಸು ಬರಲಿಲ್ಲ.

ಕೌದಿ ಮುಗಿಸುಮುಂದ ನಟ್ಟನಡುವ
ಅಂಗೈಯಷ್ಟು ಬಾಯಿ ಬಿಡತೀವಿ.
ಅದರಾಗ ರೊಟ್ಟಿ ಚೂರು, ಚಿಟಿಕಿ ಸಕ್ಕರಿ. ಉಡಿ ತುಂಬೂದು.
ಹಸಿದ ಕೌದಿ ಹೊತ್ತವರ ನಿದ್ದಿ ತಿಂತೈತಿ ಅಂತಿದ್ದಳು ನಮ್ಮವ್ವ.
ನಾಯಿ ಕೌದಿಗೂ ತುಂಬಬೇಕೋ?
ಸುಲೋಚನಾ ನನ್ನ ಮಾರಿ ನೋಡಿದಳು.
ಮಹಬೂಬಿ ಫ್ಯಾನು ನೋಡಿದಳು.
ಚಾದ ಕಿಟ್ಲಿ ಹಿಡದು ಒಳಗ ಬಂದ ಸಾಬವ್ವ
ಸೆರಗಿನ ಗಂಟು ಬಿಚ್ಚಿ, ಎಲ್ಲಿಂದ ತಂದಳೋ,
ಒಂದು ಶ್ರೂಸ್‌ಬರಿ ಬಿಸ್ಕೀಟು ಮುರದು
"ರೊಟ್ಟಿ ಅದಕ್ಕ ಒಗ್ಗೂದಿಲ್ಲ" ಅಂದು
ತಾನ ಇಟ್ಟಳು, ತಾನ ಬಾಯಿ ಹೊಲಿದಳು.
ಇನ್ನರ್ಧ ಗಂಟಿಗೆ ತಿರುಗಿ ಹೋತು.
ಆ ನಾಕು ಟಾಕಾ ಮಾತ್ರ ಅವಸರದ್ದಲ್ಲ.

ಎಂಟು ದಿನಕ್ಕ ಖೋರ್ಷೆದ್ ಬಾಯಿ ಮತ್ತ ರಿಕ್ಷಾ ಇಳಿದಳು.
ಕೌದಿ ನಡುವ ಹರದು ದೊಡ್ಡ ತೂತು.
ಪಾಟಿ ಒಡದ ಸಾಲಿ ಹುಡುಗಿಯಂಗ ನಿಂತಳು.
ತೂತಿನ್ಯಾಗ ಕೈ ಹಾಕಿ ನೋಡಿದೆವು.
ಪುಡಿ ಸುದ್ದಾ ಉಳಿದಿಲ್ಲ.

ನಕ್ಕೆವು ಹೆಂಗಂದರ, ಬ್ಯಾಂಡಿನವರು
ತುತ್ತೂರಿ ಇಳಿಸಿ ಹಣಿಕಿ ಹಾಕಿದರು.
ಎಷ್ಟ ಕೌದಿಗೆ ಉಡಿ ತುಂಬೀನೋ ನಾನು,
ಉಂಡದ್ದು ಇದೊಂದ.

ಢಮಢೇರೆ ತಾಯಿ ಚೀಟಿ ಬರದಳು: ದುರಸ್ತಿ, ಮೂವತ್ತು ರೂಪಾಯಿ.
ಅದರ ಕೆಳಗ ಸಾಬವ್ವ ಬರಸಿದಳು:
ಬಿಸ್ಕೀಟು ಗಿರಾಕಿದು.